ಅಪ್ಪ ಮೆಚ್ಚಿದ ಗೋಡೆ

ಟೊರೊಂಟೊದಲ್ಲಿ ನನ್ನ ಕಾಲೇಜು ಇದ್ದದ್ದು ಪೋರ್ಚುಗೀಸರ ಹಳೆಯ ಬೀದಿಗಳ ನಡುವೆ. ಕೆಂಪು ಇಟ್ಟಿಗೆಯ ಮನೆಗಳು, ಬಾಗಿಲ ಪಕ್ಕ ಮೇರಿಯಮ್ಮನ ಚಿತ್ರದ ನೀಲಿ ಟೈಲ್ಸು, ಹಿತ್ತಲಲ್ಲಿ ಚಳಿಗೆ ಒಣಗಿ ನಿಂತ ದ್ರಾಕ್ಷಿ ಚಪ್ಪರ. ಅಂಥದೇ ಒಂದು ಮನೆಯ ಬೇಸ್‌ಮೆಂಟಿನಲ್ಲಿ ನಾವು ಮೂವರು ಕನ್ನಡದ ಹುಡುಗಿಯರು ಬಾಡಿಗೆಗಿದ್ದೆವು. ಮೇಲೆ ಮನೆಯೊಡತಿ, ಸದಾ ಕಪ್ಪು ಬಟ್ಟೆ ಉಡುವ ವಿಧವೆ ಮುದುಕಿ, ಒಬ್ಬಳೇ.

ನನ್ನಪ್ಪ ಮೈಸೂರಿನಲ್ಲಿ ಗಾರೆ ಮೇಸ್ತ್ರಿ. ದಿನಾ ಒಂದು ಗೋಡೆಯ ಫೋಟೊ ಕಳಿಸಬೇಕೆಂದು ಅವನ ಹುಕುಂ. ಅಕ್ಷರ ಒತ್ತುವ ತಾಳ್ಮೆ ಇರಲಿಲ್ಲ; ವಾಯ್ಸ್ ಮೆಸೇಜಿನಲ್ಲೇ ಬೈಗುಳ ಬರುತ್ತಿತ್ತು. "ಆ ಮೂಲೆ ನೋಡವ್ವ, ಸೊಟ್ಟಗ್ ಕಟ್ಟವ್ರೆ. ಯಾವನವ್ವ ಅವ್ನು ಮೇಸ್ತ್ರಿ?" ಬೀದಿ ತುದಿಯ ಹಳೇ ಚರ್ಚೂ ಅವನಲ್ಲಿ ಪಾಸಾಗಲಿಲ್ಲ. ಬೇರೆಯವರು ಕಟ್ಟಿದ ಒಂದು ಗೋಡೆಯನ್ನೂ ಅವನು ಮೆಚ್ಚಿದ್ದನ್ನು ನಾನು ಕಂಡಿಲ್ಲ.

ಕೊನೆಯ ಸೆಮಿಸ್ಟರಿನ ಪರೀಕ್ಷೆಯ ವಾರ ಅಣ್ಣ ಫೋನು ಮಾಡಿ, ಅಪ್ಪನಿಗೆ ಗಂಟಲು ಕಟ್ಟಿದೆ, ಮಾತಾಡಬಾರದಂತೆ ಎಂದ. ನಾನು ಕಾಲೇಜಿನ ಹಿಂಗೋಡೆಯ ಫೋಟೊ ಕಳಿಸಿದೆ. ಅಪ್ಪನ ನಂಬರಿನಿಂದ ಬರಹದಲ್ಲಿ ಉತ್ತರ ಬಂತು: "ಚೆನ್ನಾಗಿದೆ ಮಗಳೇ. ಚೆನ್ನಾಗಿ ಓದು."

"ನಮ್ಮಪ್ಪ ಕೊನೆಗೂ ಒಂದ್ ಗೋಡೆ ಒಪ್ಕೊಂಡ ಕಣ್ರೇ!" ಎಂದು ರೂಮಿನವರ ಮುಂದೆ ಕುಣಿದಾಡಿದೆ. ಒಬ್ಬಳು ಪಾತ್ರೆ ತೊಳೆಯಲು ಎದ್ದು ಹೋದಳು. ಇನ್ನೊಬ್ಬಳು, "ಮೊದ್ಲು ಎಕ್ಸಾಮ್ ಮುಗ್ಸೇ," ಅಂದಳು. ಆ ವಾರ ನನ್ನನ್ನು ಒಂದು ಲೋಟ ತೊಳೆಯಲೂ ಅವರು ಬಿಡಲಿಲ್ಲ.

ಕೊನೆಯ ಪೇಪರಿನ ಹಿಂದಿನ ಸಂಜೆ ಅವರಿಬ್ಬರೂ ಅಂಗಡಿಗೆ ಹೋಗಿದ್ದಾಗ ಮನೆಯೊಡತಿ ಸೂಪಿನ ಪಾತ್ರೆ ಹಿಡಿದು ಇಳಿದು ಬಂದಳು. ನನ್ನ ಕೆನ್ನೆ ಹಿಡಿದು, ಹರಕುಮುರುಕು ಇಂಗ್ಲಿಷಿನಲ್ಲಿ, ನಿನ್ನ ಅಪ್ಪನ ಆತ್ಮಕ್ಕಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದೆ ಅಂದಳು.

ರೂಮಿನವರು ವಾಪಸು ಬಂದ ಮೇಲೆ ಎಲ್ಲ ತಿಳಿಯಿತು. ಅಪ್ಪ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಶುಕ್ರವಾರವೇ ಮಣ್ಣು ಮಾಡಿದ್ದರು. ಅಣ್ಣ ಇವರಿಬ್ಬರ ಬಾಯಿಗೆ ಬೀಗ ಹಾಕಿಸಿದ್ದ. ಇವರು, ಸ್ವಲ್ಪ ನೋಡಿಕೊಳ್ಳಿ ಎಂದು ಮುದುಕಿಗೆ ವಿಷಯ ಹೇಳಿದ್ದರು; ನನಗೇ ಗೊತ್ತಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಪ್ಪನ ಸಾವನ್ನು ಮಗಳಿಂದ ಬಚ್ಚಿಡುತ್ತಾರೆಂದು ಅವಳಿಗಾದರೂ ಹೇಗೆ ಹೊಳೆಯಬೇಕು? ನಮ್ಮಲ್ಲಿ ಬಚ್ಚಿಡುತ್ತಾರೆ, ಪರೀಕ್ಷೆ ಮುಗಿಯುವವರೆಗೆ. ಎಲ್ಲರೂ ಸೇರಿ ನನ್ನ ಪರೀಕ್ಷೆ ಉಳಿಸಿದರು. ವಿಡಿಯೊದಲ್ಲಾದರೂ ಕೊನೆಯ ಸಲ ಅವನ ಮುಖ ನೋಡಬಹುದಿತ್ತು.

ಕಾಲೇಜಿನ ಆ ಹಿಂಗೋಡೆಯ ಫೋಟೊ ನಾನು ಕಳಿಸಿದ್ದು ಶನಿವಾರ.

ಅಪ್ಪನ ನಂಬರಿಗೆ ಬರೆದೆ: "ಗೋಡೆ ಚೆನ್ನಾಗಿದೆ ಅಂದೋರು ಯಾರು?" ಅದನ್ನು ಓದಿದ ಗುರುತು ಬಿತ್ತು. ಅಪ್ಪನ ಹೆಸರಿನ ಕೆಳಗೆ, ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಆಮೇಲೆ ಏನೂ ಬರಲಿಲ್ಲ.