ಗುಡುಗಿಗೆ ಇಟ್ಟ ಮೊಳೆ

ಟೊರೊಂಟೊ ಪಕ್ಕ ನಾನು ಬೇಸ್‌ಮೆಂಟಲ್ಲಿ ಬಾಡಿಗೆಗಿದ್ದ ಮನೆಯ ಪಂಜಾಬಿ ಆಂಟಿ ಹಿತ್ತಲಲ್ಲಿ ಒಂದು ಕೋಳಿ ಸಾಕಿದ್ದರು. ಅದು ಕಾವಿಗೆ ಕೂತಾಗ ನೋಡಿಕೊಳ್ಳೋ ಕೆಲಸ ನನ್ನ ತಲೆಗೆ ಬಂತು. ಊರಾಚೆ ಹುಂಜ ಇರೋ ಫಾರ್ಮಿಂದ ತಂದ ಏಳು ಮೊಟ್ಟೆ ಇಟ್ಟೆ. ಗುಡುಗಿಗೆ ಕೆಡದಿರಲಿ ಅಂತ, ನಮ್ಮಜ್ಜಿ ಮಾಡ್ತಿದ್ದ ಹಾಗೆ, ಗೂಡಲ್ಲಿ ಒಂದು ಕಬ್ಬಿಣದ ಮೊಳೆನೂ ಇಟ್ಟೆ.

ಹದಿನೆಂಟನೇ ದಿನ ಮುನಿಸಿಪಾಲಿಟಿ ಆಫೀಸರ್ ಒಬ್ಬ ಬಂದ. ಮನೆ ಮುಂದೆ ಹುಲ್ಲು ಉದ್ದ ಬೆಳೆದಿದೆ ಅಂತ ಯಾರೋ ದೂರು ಕೊಟ್ಟಿದ್ದರಂತೆ, ಅಷ್ಟೇ. ಬಿಸಿಲಲ್ಲಿ ನಿಂತವನನ್ನ ಬಾಗಿಲಿಂದಲೇ ಕಳಿಸೋದು ಹೇಗೆ? ಹಿತ್ತಲ ನೆರಳಿಗೆ ಕರೆದು ನಿಂಬೆ ಪಾನಕ ಕೊಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

“ಇಲ್ಲಿ ಕೋಳಿ ಸಾಕೋ ಹಾಗಿಲ್ಲ,” ಅಂದ, ಲೋಟ ಕೆಳಗಿಟ್ಟು.

“ಇನ್ನು ಮೂರೇ ದಿನ ಸರ್, ಏಳು ಮರಿ ಆಗುತ್ತೆ.”

“ಹಾಗಾದ್ರೆ ಒಟ್ಟು ಎಂಟು ಕೋಳಿ ಆಗುತ್ತಲ್ಲ?”

ಫೋನ್ ಮಾಡಿ ವ್ಯಾನ್ ಕರೆಸಿ ಕೋಳೀನ ಪಂಜರಕ್ಕೆ ಹಾಕಿಸಿದ. ಮೊಟ್ಟೆನೂ ಜೊತೆಗೇ ಒಯ್ಯಿರಿ ಅಂತ ಕೈ ಮುಗಿದೆ. ಕೈಲಿದ್ದ ನಿಯಮದ ಕಾಗದ ತಿರುವಿ ನೋಡಿ, ಪಾಪ, ಒಳ್ಳೆ ಮನಸ್ಸಿಂದಲೇ ಅಂದ: “ಮೊಟ್ಟೆ ನೀವೇ ಇಟ್ಕೊಳ್ಳಿ, ಅದಕ್ಕೇನೂ ನಿಷೇಧ ಇಲ್ಲ.”

ಸಂಜೆಗೆ ಏಳೂ ತಣ್ಣಗಾದವು. ಗುಡುಗಿಗೆ ಮಾತ್ರ ಒಂದೂ ಕೆಡಲಿಲ್ಲ, ಮೊಳೆ ಇತ್ತಲ್ಲ.