ಅಕ್ಕನ ಸೇವಂತಿಗೆಗೆ ಕಟ್ಟಿದ ಬೆಳಕಿನ ರ‍್ಯಾಕು

ನಂಬಬೇಡಿ, ನೋಡೋಣ. ಎಪ್ಪತ್ತು ದಾಟುವವರೆಗೂ ಊರಿಗೆಲ್ಲ ಟೋಪಿ ಹಾಕಿಕೊಂಡೇ ಬಂದವನು ನಾನು, ನಿಮ್ಮನ್ನು ಬಿಟ್ಟೇನೆಯೇ? ಆದರೂ ಹೇಳುತ್ತೇನೆ: ಬಿಸಿಲೇ ಬೀಳದ ಕೋಣೆಯಲ್ಲಿ ಸೇವಂತಿಗೆ ಅರಳಿಸಿದವನು ಸಿಂಧಘಟ್ಟದಲ್ಲಿ ನಾನೊಬ್ಬನೇ.

ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಹಿತ್ತಿಲಲ್ಲಿ ಸೇವಂತಿಗೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ಮನೆದೇವರ ಪಟಕ್ಕೆ ಮುಡಿಸುವುದೇ ಅವಳ ಕೆಲಸವಾಗಿತ್ತು. ಜಾರಿ ಬಿದ್ದು ಸೊಂಟ ಮುರಿದ ಮೇಲೆ ಹಿತ್ತಿಲಿಗೆ ಇಳಿಯುವುದು ನಿಂತಿತು. ನನ್ನ ಸೊಸೆ ಪೇಟೆಯಿಂದ ಹೂವು ತಂದರೆ ಅಕ್ಕ ಮುಖ ತಿರುಗಿಸುತ್ತಿದ್ದಳು.

‘ಕೊಂಡ್ ತಂದಿದ್ದು ನಂಗ್ ಬ್ಯಾಡ ಕಣ್ಲಾ. ನಾನೇ ಬೆಳ್ದಿದ್ದ ಇನ್ನೊಂದ್ಸಲ ದ್ಯಾವ್ರಿಗೆ ಮುಡ್ಸಿಬುಟ್ರೆ ಸಾಕು, ಓಯ್ತೀನಿ.’

‘ಒಳಗೇ ಬೆಳಿ ಕಣಕ್ಕ, ನಾನಿಲ್ವಾ?’ ಎಂದೆ.

ಕೆ.ಆರ್. ಪೇಟೆಯಿಂದ ತೂತಿನ ಕಬ್ಬಿಣದ ಪಟ್ಟಿ, ನಟ್ಟು ಬೋಲ್ಟು, ಗಿಡ ಬೆಳೆಸುವ ಲೈಟು ತಂದು ಅವಳ ಕೋಣೆಯಲ್ಲಿ ಮೂರಂತಸ್ತಿನ ರ‍್ಯಾಕು ಕಟ್ಟಿದೆ. ನರ್ಸರಿಯಿಂದ ತಂದ ಸೇವಂತಿಗೆ ಸಸಿಗಳನ್ನು ಅಕ್ಕ ಕೂತಲ್ಲೇ ಕುಂಡಗಳಿಗೆ ನೆಟ್ಟಳು. ಲೈಟುಗಳನ್ನು ಸರಪಳಿಗೆ ತೂಗುಹಾಕಿದೆ. ಗಿಡ ಎದ್ದಂತೆಲ್ಲ ಒಂದೊಂದು ಕೊಂಡಿ ಮೇಲೇರಿಸಬಹುದು. ಯಾವ ಇಂಜಿನಿಯರಿಗೆ ಹೊಳೆದೀತು? ನೇರಳೆ ಬೆಳಕು ಕಿಟಕಿಯಿಂದ ಬೀದಿಗೆ ಚೆಲ್ಲಿತು.

‘ಏನ್ಲಾ, ಅಕ್ಕನ್ ರೂಮಲ್ಲಿ ಡಿಸ್ಕೋ ಮಡಗಿದ್ದೀಯಾ?’ ಎಂದ ಎದುರುಮನೆಯವನು.

‘ಟಿಕೇಟ್ ತಗಂಡ್ ಬಾ ಕಣ್ಲಾ’ ಎಂದೆ.

ಬೆಳಕು ಹೆಚ್ಚಿದಷ್ಟೂ ಹೂವು ಹೆಚ್ಚು ಎಂಬುದು ನನ್ನ ಪಾಂಡಿತ್ಯ. ಹಗಲೂ ರಾತ್ರಿ ಉರಿಸಿದೆ. ಅಕ್ಕ ಕಣ್ಣಿಗೆ ಸೆರಗು ಮುಚ್ಚಿಕೊಂಡು ಮಲಗಿದಳೇ ಹೊರತು ಆರಿಸು ಎನ್ನಲಿಲ್ಲ. ಗಿಡಗಳು ಸೊಂಪಾಗಿ ಎದ್ದವು. ಮೊಗ್ಗು ಮಾತ್ರ ಕಾಣಲಿಲ್ಲ. ‘ಬಂತೇನ್ಲಾ ಮೊಗ್ಗು?’ ಎಂದು ದಿನವೂ ಕೇಳುತ್ತಿದ್ದಳು.

ಕೇಳಿ ಕೇಳಿ ನನ್ನ ಹಳೆಯ ಚಾಳಿ ಎದ್ದಿತು. ಸೊಸೆ ತಂದ ಮಾರು ಸೇವಂತಿಗೆಯಿಂದ ಒಂದು ಹಳದಿ ಹೂವು ಬಿಡಿಸಿ, ಪೊರಕೆಕಡ್ಡಿಯಲ್ಲಿ ಗಿಡದ ತುದಿಗೆ ಚುಚ್ಚಿ, ‘ಅಕ್ಕಾ, ಅರಳ್ತು!’ ಎಂದು ಕೂಗಿದೆ. ಕಣ್ಣಿಗೆ ಪೊರೆ ಬಂದಿದ್ದ ಅಕ್ಕ ಮಂಚದಿಂದಿಳಿದು ವಾಕರು ಊರಿಕೊಂಡು ಬಂದಳು. ಗಿಡಕ್ಕೆ ಕೈಮುಗಿದಳು.

‘ಬರೀ ತಮಾಸೆಲೇ ಬದುಕ್ಬುಟ್ಟೆ ನೀನು ಅನ್ಕಂಡಿದ್ದೆ. ನಿನ್ ಕೈ ತಣ್ಣಗಿರ್ಲಿ ಕಣಪ್ಪ.’

ದೇವರಿಗೆಂದು ತಾನೇ ಕಿತ್ತಳು. ತೊಟ್ಟಿನಲ್ಲಿ ಬಾಳೆನಾರಿನ ಒಂದೆಳೆ ಉಳಿದಿತ್ತು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ‘ತಪ್ಪಾಯ್ತು ಕಣಕ್ಕ’ ಎಂದೆ. ಅವಳು ಹೂವನ್ನು ನನ್ನ ಅಂಗೈಗೆ ಹಾಕಿ, ಹೋಗಿ ಮಲಗಿದಳು.

ಅಂದಿನಿಂದ ಸಂಜೆಯಾದರೆ ಅವಳೇ ಸ್ವಿಚ್ಚು ಆರಿಸತೊಡಗಿದಳು. ‘ಕಣ್ಗೆ ಚುಚ್ತದೆ’ ಎನ್ನುತ್ತಿದ್ದಳು, ಅಷ್ಟೇ. ಬೆಳಿಗ್ಗೆ ನಾನು ಹಾಕುವುದು, ಸಂಜೆ ಅವಳು ಆರಿಸುವುದು. ಹೀಗೆ ತಿಂಗಳು ಕಳೆಯುವಷ್ಟರಲ್ಲಿ ಗಿಡದ ತುಂಬ ಮೊಗ್ಗು! ನರ್ಸರಿಯವನು ಕೇಳಿ ನಕ್ಕ.

‘ಸೇವಂತ್ಗೆಗೆ ಕತ್ಲು ಬೇಕು ಕಣಣ್ಣೋ. ರಾತ್ರೆಲ್ಲ ಲೈಟಾಕಿದ್ರೆ ಅದೆಲ್ಲಿ ಮೊಗ್ಗು ಕಟ್ಟದು?’

ನನ್ನ ಮೇಲಿನ ಬೇಸರಕ್ಕೆ ಅವಳು ಮಾಡಿದ ಕತ್ತಲೆಯಿಂದಲೇ ಹೂವು ಬಂದಿತ್ತು. ಮೊದಲನೆಯದು ಅರಳಿದ ದಿನ ಮಂಚದ ಬಳಿ ಓಡಿ ಅವಳನ್ನು ಎಬ್ಬಿಸಿದೆ.

‘ದ್ಯಾವ್ರಾಣೆಗೂ ಅರಳ್ಬುಟ್ಟದೆ ಕಣಕ್ಕ. ಮುಟ್ ನೋಡು ಬಾ.’

‘ಪ್ಯಾಟೇಲಿ ಮಾರ್ ಹೂವು ಎಷ್ಟಾಗದೆ ಈಗ?’ ಎಂದು ಗೋಡೆಯ ಕಡೆ ತಿರುಗಿದಳು.

ನಾನೇ ಕಿತ್ತು ದೇವರಿಗೆ ಮುಡಿಸಲು ಕೈ ಬರಲಿಲ್ಲ. ಅದು ಅವಳ ಹೂವು. ಗಿಡದಲ್ಲೇ ಕಂದಿತು. ಅದರ ಹಿಂದೆ ಅರಳಿದವೂ ಅಲ್ಲೇ ಒಣಗಿದವು. ಪಟಕ್ಕೆ ಈಗಲೂ ಪೇಟೆಯ ಹೂವೇ. ರ‍್ಯಾಕಿಗೆ ಬೆನ್ನು ಹಾಕಿ ಅಕ್ಕ ಮಲಗುತ್ತಾಳೆ.

ಇದರಲ್ಲಿ ಸುಳ್ಳೆಲ್ಲಿದೆ ಎಂದು ಹುಡುಕುತ್ತಿದ್ದೀರಿ, ಗೊತ್ತು. ಒಂದೇ ಒಂದಿದೆ. ನಾರು ಬೆರಳಿಗೆ ಸಿಕ್ಕಾಗ ‘ತಪ್ಪಾಯ್ತು ಕಣಕ್ಕ’ ಎಂದೆ ಅಂದೆನಲ್ಲ, ಅದು. ಅವತ್ತು ನಾನು ಬಾಗಿಲಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೆ.