ಕಂಕುಳ ಕಾವಿನ ಸೀಸೆ

ನಮ್ಮ ಯಜಮಾನರು ಗೋವಿಂದಯ್ಯನವರು ಹಂಪಾಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಕೊಯ್ದ ಜೋಳ ಮತ್ತೆ ಚಿಗುರಿದರೆ ಅದಕ್ಕೆ ಕೂಳೆ ಅನ್ನುತ್ತೇವೆ. ಎಳೆಯ ಕೂಳೆಯಲ್ಲಿ ವಿಷ ಇರುತ್ತದೆ. ಆ ವಿಷ ಹಿಡಿಯುವ ಕಾಗದದ ಪಟ್ಟಿ ಮಾಡಲು ಡಾಕ್ಟರು ಇವರಿಗೆ ಕಲಿಸಿಕೊಟ್ಟಿದ್ದರು. ಸುಟ್ಟ ಗಾಯಕ್ಕೆ ಹಚ್ಚುವ ಹಳದಿ ಔಷಧಿಗೆ ಸೋಡ ಬೆರೆಸಿ, ಕಾಗದ ಅದ್ದಿ, ನೆರಳಲ್ಲಿ ಒಣಗಿಸಬೇಕು. ವಿಷದ ಗಾಳಿ ತಾಕಿದರೆ ಅದು ಇಟ್ಟಿಗೆ ಕೆಂಪಾಗುತ್ತದೆ. ಮೊದಮೊದಲು ಒಂದು ಹಿಡಿ ಎಲೆ ಜಜ್ಜಿ ಸೀಸೆಗೆ ಹಾಕಿ ಪಟ್ಟಿ ಇಳಿಬಿಟ್ಟರೂ ಬಣ್ಣ ಮಂಕು. ಇವರು ಬಿಡಲಿಲ್ಲ. ಕಾಗದ ಬದಲಾಯಿಸಿದರು, ಬಿರಡೆಗೆ ಮೇಣ ಮೆತ್ತಿದರು, ಸೀಸೆಯನ್ನು ಕಂಕುಳಲ್ಲಿ ಅದುಮಿಕೊಂಡು ಕಾವು ಕೊಟ್ಟರು. ಕೊನೆಗೆ ಉಗುರಿನಷ್ಟು ಎಲೆಗೂ ಪಟ್ಟಿ ಕೆಂಪಾಗತೊಡಗಿತು.

ಐವತ್ತಾರನೇ ಇಸವಿಯಲ್ಲಿ ಚನ್ನಬಸವಣ್ಣನವರ ಎತ್ತು ಸತ್ತಿತು. ಸತ್ತ ದನ ಎಳೆದು ಸುಲಿಯುವುದು ಚಿಕ್ಕಮಾದುವಿನ ಪಾಲಿನ ಕೆಲಸ. ಚರ್ಮದಾಸೆಗೆ ಅವನೇ ಗುಲಗಂಜಿ ಅರೆದು ಮುಳ್ಳಿಗೆ ಸವರಿ ಚುಚ್ಚಿದ ಎಂದು ಮಾತೆದ್ದಿತು. ಅವನ ಮಗಳ ಕೊರಳಲ್ಲಿ ಗುಲಗಂಜಿ ಸರ ಇತ್ತಲ್ಲ, ಅದೇ ಸಾಕ್ಷಿ. ಡಾಕ್ಟರು ಊರಲ್ಲಿರಲಿಲ್ಲ. ನಾವು ಹೋಗುವಷ್ಟರಲ್ಲಿ ಅವನನ್ನು ಹುಣಸೆಮರಕ್ಕೆ ಕಟ್ಟಿದ್ದರು. ಗುಡಿಸಲಿಗೆ ಬೆಂಕಿ, ಸಂಸಾರ ಊರಾಚೆ ಎಂದು ತೀರ್ಮಾನವೂ ಆಗಿತ್ತು.

ಸತ್ತ ದನವನ್ನು ಬೇರೆ ಯಾರೂ ಮುಟ್ಟರು. ಹಾಗಾಗಿ ಎತ್ತಿನ ಬಾಯಿಂದ ಬಿದ್ದ ಮೇವನ್ನಷ್ಟೇ ಮಂಕರಿಗೆ ಬಾಚಿ ಬಿಸಿಲಲ್ಲಿಟ್ಟಿದ್ದರು. ಇವರು ಅದನ್ನೇ ಸೀಸೆಗೆ ಹಾಕಿ, ಪಟ್ಟಿ ಇಳಿಬಿಟ್ಟು, ಕಂಕುಳಲ್ಲಿಟ್ಟುಕೊಂಡು ಕೂತರು.

“ಏನ್ ಕಾಂಪೌಂಡ್ರೇ, ಮೊಟ್ಟೆಗೆ ಕಾವು ಕೂತಿದ್ದೀರಾ?” ಎಂದನೊಬ್ಬ. ಎಲ್ಲರೂ ಗೊಳ್ಳೆಂದರು.

ತೆಗೆದು ನೋಡಿದರೆ ಪಟ್ಟಿ ಹಳದಿಯಾಗಿಯೇ ಇತ್ತು.

“ನಮ್ಮೆತ್ತು ಕೂಳೆ ಮುಟ್ಟಿಲ್ಲ ಅಂತ ಬಡ್ಕಂಡೆ, ಕೇಳುದ್ರಾ?” ಚನ್ನಬಸವಣ್ಣ ದೊಣ್ಣೆ ಎತ್ತಿಕೊಂಡರು.

“ಬಿಸ್ಲಿಗೆ ವಿಷ ಆರೋಯ್ತದೆ ಕಣಣ್ಣ. ಒಟ್ಟೆ ಒಳಗಿಂದೇ ಬೇಕು. ಮಾದುನ ಬಿಚ್ಚಿ, ಅವ್ನೇ ಕುಯ್ಲಿ,” ಎಂದರು ಇವರು.

“ಓಡೋದ್ರೆ?”

“ಓಡೋದ್ರೆ ಅದೇ ಮರಕ್ಕೆ ನನ್ನ ಕಟ್ಟಿ.”



ಕಟ್ಟು ಬಿಚ್ಚಿದಾಗ ಮಾದುವಿನ ಕೈ ಜೋಮು ಹಿಡಿದಿತ್ತು. ಉಜ್ಜಿಕೊಂಡು ಚೂರಿ ಹಿಡಿದ. ಎತ್ತಿನ ಹೊಟ್ಟೆ ಸೀಳಿ, ತೋಳಿನ ತನಕ ಕೈ ಇಳಿಸಿ ತೆಗೆದದ್ದು ನೇರ ಸೀಸೆಗೆ ಬಿತ್ತು. ಇವರು ಬಿರಡೆ ಒತ್ತಿ ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಈ ಸಲ ಯಾರೂ ನಗಲಿಲ್ಲ. ಇವರ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಸೀಸೆ ಹೊರಗೆ ತೆಗೆದರು. ಪಟ್ಟಿಯ ಅಂಚು ಕೆಂಪೇರಿತ್ತು. ನೋಡನೋಡುತ್ತಲೇ ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

“ನೆನ್ನೆ ನೇಗ್ಲು ಬಿಚ್ಚಿ ಕೂಳೆ ಹೊಲದಾಗೆ ಬುಟ್ಟೋರು ನೀವೇ ತಾನೆ?” ಎಂದರು ಚನ್ನಬಸವಣ್ಣನ ಹೆಂಡತಿ ಸುಂದ್ರಮ್ಮ.

“ಸುಮ್ಕಿರೇ!” ಎಂದು ಗದರಿ ಚನ್ನಬಸವಣ್ಣ ಮಾದುವಿನ ಕಡೆ ತಿರುಗಿದರು. “ಆಗಿದ್ದಾಯ್ತು ಬುಡ್ಲಾ. ಎಳ್ಕೊಂಡೋಗು.”

ಮಾದು ಚೂರಿಯನ್ನು ಹುಲ್ಲಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

“ನೀವೇ ಎಳ್ಕಳಿ ಬುದ್ಧಿ.”

ಹಾಗೆಂದವನು ಹಿಂತಿರುಗಿ ನೋಡದೆ ಹೋದ. ದೊಣ್ಣೆ ಹಿಡಿದಿದ್ದವರಲ್ಲಿ ಒಬ್ಬರೂ ಎತ್ತಿನ ಹತ್ತಿರ ಬರಲಿಲ್ಲ. ಬಿಸಿಲಿಗೆ ಎತ್ತು ನಾರತೊಡಗಿತ್ತು. ಕೊನೆಗೆ ನಮ್ಮ ಯಜಮಾನರೇ ಮೊದಲು ಹೋಗಿ ಅದರ ಕಾಲಿಗೆ ಹಗ್ಗ ಬಿಗಿದರು. ಇನ್ನೊಂದು ತುದಿಯನ್ನು ಚನ್ನಬಸವಣ್ಣನವರ ಕೈಗೆ ಕೊಟ್ಟರು.